ಕಪ್ಪು ಪರದೆಯ ಹಿಂದೆ

ಸಾಹಿತ್ಯ ಕೂಟದ ಪತ್ರಿಕೆಯಲ್ಲಿ ಕಂಪ್ಯೂಟರಿನ ರಿಪೇರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಕೇಳಲಿ. ಈಗ ನಮ್ಮ ಕತೆ, ಕವಿತೆ, ಸೆಮಿನಾರಿಗೆ ಬರೆದ ಪ್ರಬಂಧ ಎಲ್ಲವೂ ಹುಟ್ಟುವುದು ಆ ಡಬ್ಬಿಯ ಒಳಗೆ. ಎಷ್ಟೋ ಸಲ ಉಳಿದಿರುವುದೂ ಅಲ್ಲಿ ಮಾತ್ರ. ಒಂದು ಬೆಳಿಗ್ಗೆ ಗುಂಡಿ ಒತ್ತುತ್ತೀರಿ. ಫ್ಯಾನು ತಿರುಗುತ್ತದೆ, ಪುಟ್ಟ ದೀಪ ಹೊತ್ತುತ್ತದೆ, ಪರದೆ ಮಾತ್ರ ಅಮಾವಾಸ್ಯೆ. ಎದೆ ಧಸಕ್ ಎನ್ನುತ್ತದೆ. ಯಂತ್ರ ಕೆಟ್ಟಿತೆಂಬ ಚಿಂತೆ ಆಮೇಲಿನದು. ಬರೆದದ್ದು ಹೋಯಿತೇ ಎಂಬುದು ಮೊದಲಿನದು. ಯಂತ್ರ ಕೆಡುವುದು ಬೇರೆ, ಬರೆದದ್ದು ಹೋಗುವುದು ಬೇರೆ. ಇದನ್ನು ತಿಳಿಯದವರು ಗಾಬರಿಯಲ್ಲಿ ಅಂಗಡಿಗೆ ಓಡಿ, ಮೊದಲನೆಯದನ್ನು ಸರಿಪಡಿಸಲು ಹೋಗಿ ಎರಡನೆಯದನ್ನು ಕೈಯಾರೆ ಮಾಡಿಸಿಕೊಂಡು ಬರುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಪ್ಪು ಪರದೆ ಎನ್ನುವುದು ಒಂದು ರೋಗದ ಹೆಸರಲ್ಲ. ಜ್ವರ ಇದ್ದ ಹಾಗೆ, ಬರೀ ಲಕ್ಷಣ. ಮಲೇರಿಯಕ್ಕೂ ಜ್ವರ, ಗಂಟಲು ನೋವಿಗೂ ಜ್ವರ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ಗುಂಡಿ ಒತ್ತಿದಲ್ಲಿಂದ ಚಿತ್ರ ಮೂಡುವವರೆಗಿನ ದಾರಿಯಲ್ಲಿ ಕೆಲಸ ಎಲ್ಲಿ ನಿಂತಿತು ಎಂಬುದು.

ಆ ದಾರಿ ಹೀಗಿದೆ. ಗೋಡೆಯ 230 ವೋಲ್ಟನ್ನು ಪವರ್ ಸಪ್ಲೈ ಎಂಬ ಪೆಟ್ಟಿಗೆ 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿ ಒಳಗೆ ಹಂಚುತ್ತದೆ. ಹಂಚಿಕೆ ಸರಿಯಾಯಿತು ಎಂದು ಅದು ಮದರ್‌ಬೋರ್ಡಿಗೆ ಸಂಕೇತ ಕಳಿಸಿದ ಮೇಲೆ ಅಲ್ಲಿನ ಚಿಪ್ಪೊಂದರಲ್ಲಿ ಮೊದಲೇ ಬರೆದಿಟ್ಟ ಚಿಕ್ಕ ಕಾರ್ಯಕ್ರಮ ಎಚ್ಚರಗೊಳ್ಳುತ್ತದೆ. ಬಯಾಸ್ ಎಂದು ಅದರ ಹಳೆಯ ಹೆಸರು. ಶಾಲೆಯಲ್ಲಿ ಹಾಜರಿ ಕೂಗಿದಂತೆ ಅದು ಒಬ್ಬೊಬ್ಬರನ್ನೇ ಕರೆಯುತ್ತದೆ: ಪ್ರೊಸೆಸರ್ ಇದೆಯಾ, ಮೆಮೊರಿ ಇದೆಯಾ, ಚಿತ್ರ ತೋರಿಸುವ ಭಾಗ ಇದೆಯಾ? ಎಲ್ಲರೂ ಓಗೊಟ್ಟರೆ ಕಂಪನಿಯ ಚಿಹ್ನೆ ಪರದೆಯ ಮೇಲೆ ಬರುತ್ತದೆ. ಆಮೇಲೆ ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸಿಗೆ ಯಜಮಾನಿಕೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. 1981ರ ಆಗಸ್ಟಿನಲ್ಲಿ ಬಂದ ಐಬಿಎಂನ ಮೊದಲ ಪಿಸಿ ಹಾಜರಿ ಸರಿಯಾಗಿದ್ದರೆ ಒಂದು ಸಲ ಬೀಪ್ ಅನ್ನುತ್ತಿತ್ತು. ಇಂದಿನ ಎಷ್ಟೋ ಯಂತ್ರಗಳಿಗೆ ಆ ಕಂಠವೇ ಇಲ್ಲ. ಕೆಲವು ಮದರ್‌ಬೋರ್ಡುಗಳಲ್ಲಿ ಯಾರು ಓಗೊಡಲಿಲ್ಲವೆಂದು ತೋರಿಸುವ ಸಣ್ಣ ದೀಪಗಳಿರುತ್ತವೆ. ಬೀಪ್ ಪದೇ ಪದೇ ಬಂದರೆ ಎಣಿಸಿ ಬರೆದುಕೊಳ್ಳಿ. ಅದರ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ, ಪುಸ್ತಿಕೆಯಲ್ಲಿ ನೋಡಬೇಕು.

ಆದ್ದರಿಂದ ಗಮನಿಸಬೇಕಾದ ಮೊದಲ ಸಂಗತಿ, ಕಂಪನಿಯ ಚಿಹ್ನೆ ಬಂತೇ ಇಲ್ಲವೇ ಎಂಬುದು. ಬರಲೇ ಇಲ್ಲವೆಂದರೆ ಸಾಮಾನ್ಯವಾಗಿ ವಿಂಡೋಸಿನ ಪಾಳಿ ಇನ್ನೂ ಬಂದಿಲ್ಲ. ಬಂದು ಹೋಗಿ ಕಪ್ಪಾಯಿತೆಂದರೆ ಸಂಶಯ ವಿಂಡೋಸಿನ ಕಡೆಗೆ.

ನಮ್ಮ ಸಾನಪಾಡಾದ ಸೊಸೈಟಿಯಲ್ಲಿ ಕೆಳಗಿನ ಮಹಡಿಗೆ ಒಬ್ಬ ಮಾಮ ಇದ್ದಾರೆ. ಉಡುಪಿಯ ಕಡೆಯವರು, ನಲವತ್ತು ವರ್ಷ ಈ ಮುಂಬಯಿಯ ಕ್ಯಾಂಟೀನುಗಳಲ್ಲಿ ದುಡಿದು ಈಗ ಮನೆಯಲ್ಲಿದ್ದಾರೆ. ಊರು ಬಿಟ್ಟು ಬಂದದ್ದು, ರಾತ್ರಿ ಶಾಲೆಯಲ್ಲಿ ಓದಿದ್ದು, ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಕುಟ್ಟಿ ನಾನ್ನೂರಕ್ಕೂ ಹೆಚ್ಚು ಪುಟ ಮಾಡಿದ್ದಾರೆ. ಮಳೆಗಾಲದ ಒಂದು ದಿನ ಅವರ ಯಂತ್ರ ಕಪ್ಪಾಯಿತು. ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿನ ಹುಡುಗ ಎರಡು ಸಲ ಗುಂಡಿ ಒತ್ತಿ, "ಅಂಕಲ್, ಫಾರ್ಮ್ಯಾಟ್ ಕರ್ನಾ ಪಡೇಗಾ, ಡೇಟಾ ಜಾಯೇಗಾ" ಎಂದನಂತೆ. ಮಾಮ ಹೊತ್ತುಕೊಂಡು ವಾಪಸು ಬಂದರು.

"ಎಂತ ಮಾರಾಯ, ಇಷ್ಟೆಲ್ಲ ಬರೆದದ್ದು ನೀರಿಗೆ ಹೋಯ್ತಾ?"

"ಚಿಹ್ನೆ ಬಂತಾ ಮಾಮ?"

"ಎಂತದೂ ಬರ್ಲಿಲ್ಲ. ಫ್ಯಾನಿನ ಶಬ್ದ ಮಾತ್ರ ಉಂಟು."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಚಿಹ್ನೆಯೇ ಬಾರದ ಯಂತ್ರಕ್ಕೆ ಫಾರ್ಮ್ಯಾಟ್ ಮದ್ದಾಗುವುದಿಲ್ಲ. ಸಭಾಂಗಣದಲ್ಲಿ ಕರೆಂಟು ಹೋಯಿತೆಂದು ನಾಟಕದ ಹಸ್ತಪ್ರತಿ ಹರಿದು ಹಾಕಿದಂತಾಯಿತು ಅದು.

ಇಂಥ ಹೊತ್ತಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮಾಡಬೇಕಾದ ಕೆಲವು ಪರೀಕ್ಷೆಗಳಿವೆ, ಕಾಸಿನ ಖರ್ಚಿಲ್ಲ. ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಬಹುಮಟ್ಟಿಗೆ ಯಂತ್ರ ಬದುಕಿದೆ, ಮುಖ ಮಾತ್ರ ಕಾಣುತ್ತಿಲ್ಲ ಎಂದರ್ಥ. ಲ್ಯಾಪ್‌ಟಾಪಾದರೆ ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚು ಹಿಡಿಯಿರಿ. ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಪರದೆಯ ಹಿಂಬದಿಯ ಬೆಳಕು. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ, ಅಲ್ಲಿ ಚಿತ್ರ ಬಂದರೆ ನಿಮ್ಮ ಬರಹವನ್ನು ಆಗಲೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದು. ಮೇಜಿನ ಕಂಪ್ಯೂಟರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಪರದೆಯ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಮನೆ ಗುಡಿಸಿದ ಮೇಲೆ ಅದನ್ನು ಪಕ್ಕದ ತೂತಿಗೆ ಸಿಕ್ಕಿಸಿ ಯಂತ್ರ ಸತ್ತಿತೆಂದು ಗೋಳಾಡಿದವರನ್ನು ನಾನು ಕಂಡಿದ್ದೇನೆ.

ಇದಾವುದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಬರಿದಾಗಿ ಎಷ್ಟೋ ಯಂತ್ರಗಳು ಹಟ ಬಿಡುತ್ತವೆ. ಹಾಗೆಯೇ ಪ್ರಿಂಟರು, ಪೆನ್‌ಡ್ರೈವು ಎಲ್ಲ ಕಿತ್ತು ಬರಿಯ ಯಂತ್ರವನ್ನು ಹಚ್ಚಿ ನೋಡಿ.

ಇನ್ನು ಮೆಮೊರಿ. ರ‍್ಯಾಮ್ ಎನ್ನುವ ಬೆರಳಗಲದ ಪಟ್ಟಿ. ನಮ್ಮ ಕಡೆ ಇದರ ಮೇಲೆ ನನಗೆ ಯಾವಾಗಲೂ ಮೊದಲ ಗುಮಾನಿ. ಸಾನಪಾಡಾದ ಪಶ್ಚಿಮಕ್ಕೆ ಪಾಮ್ ಬೀಚ್ ರಸ್ತೆ, ಅದರಾಚೆ ಖಾಡಿ. ಉಪ್ಪು ಬೆರೆತ ತೇವದ ಗಾಳಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗದ ಬಟ್ಟೆ, ಉಳಿದ ತಿಂಗಳು ಕಟ್ಟಡ ಕಟ್ಟುವ ಧೂಳು. ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳುವಾದ ಕಿಲುಬು ಕೂತರೂ ಸಾಕು, ಹಾಜರಿಯಲ್ಲಿ ಮೆಮೊರಿ ಓಗೊಡುವುದಿಲ್ಲ, ಪರದೆ ಹೊತ್ತುವುದಿಲ್ಲ. ಮಾಮನ ಯಂತ್ರದಲ್ಲಿ ಆದದ್ದು ಅದೇ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಎರಡೂ ತುದಿಯ ಹಿಡಿಗಳನ್ನು ಬಿಡಿಸಿ ಪಟ್ಟಿ ತೆಗೆದೆ. ಶಾಲೆಯ ಹುಡುಗರ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಪುಡಿ ಊದಿ, 'ಕಟ್' ಎನ್ನುವವರೆಗೆ ಮತ್ತೆ ಒತ್ತಿದೆ. ಚಿಹ್ನೆ ಬಂತು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು, ಕೆಟ್ಟದ್ದು ಯಾವುದೆಂದು ಆಗ ತಿಳಿಯುತ್ತದೆ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಏಟು ಕೊಡುವಷ್ಟು ವಿದ್ಯುತ್ತು ಉಳಿದಿರುತ್ತದೆ.

ಚಿಹ್ನೆ ಬಂದು ಆಮೇಲೆ ಕಪ್ಪಾಗುವ ಸಂಗತಿ ಬೇರೆ. ಕಪ್ಪಿನ ಮೇಲೆ ಬೂಟ್ ಮಾಡುವ ಸಾಧನ ಸಿಗಲಿಲ್ಲ ಎಂಬರ್ಥದ ಬಿಳಿ ಅಕ್ಷರಗಳಿದ್ದರೆ, ಪೆನ್‌ಡ್ರೈವು ಸಿಕ್ಕಿಸಿಯೇ ಮಲಗಿದ್ದಿರೋ ನೋಡಿ. ಇಲ್ಲವಾದರೆ ಡಿಸ್ಕಿನ ಕೇಬಲ್ ಸಡಿಲವಾಗಿರಬಹುದು. ಮೌಸಿನ ಬಾಣ ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಅದರಲ್ಲಿ ಹೊಸ ಕೆಲಸ ಎಂಬಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ನಡೆಸಿ, ಡೆಸ್ಕ್‌ಟಾಪ್ ಬಂದೀತು. ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಕೂಡಿಸಿ ಒತ್ತಿದರೆ ಚಿತ್ರದ ಚಾಲಕ ತಂತ್ರಾಂಶ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಯಾವುದೂ ಆಗಲಿಲ್ಲವೋ, ಯಂತ್ರ ಏಳುತ್ತಿರುವಾಗಲೇ ಪವರ್ ಗುಂಡಿ ಹತ್ತು ಸೆಕೆಂಡು ಒತ್ತಿ ಆರಿಸಿ. ಹೀಗೆ ಎರಡು ಮೂರು ಸಲ ಆದಾಗ ವಿಂಡೋಸು ತನಗೇನೋ ಆಗಿದೆ ಎಂದರಿತು ದುರಸ್ತಿಯ ಪುಟ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಹೋಗಿ 4ನ್ನು ಒತ್ತಿದರೆ ಸೇಫ್ ಮೋಡ್. ಅಲ್ಲಿಂದ ಇತ್ತೀಚೆಗೆ ಹಾಕಿದ ಡ್ರೈವರನ್ನೋ ಅಪ್‌ಡೇಟನ್ನೋ ಕಿತ್ತು ಹಾಕಬಹುದು. ಅದೇ ಪುಟದಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯೂ ಇರುತ್ತದೆ, ಕೈ ಜಾರದಿರಲಿ.

ವಿಂಡೋಸು ಏಳದಿದ್ದಾಗಲೂ ಕಡತಗಳು ಕ್ಷೇಮವಾಗಿರುತ್ತವೆ ಎಂಬುದಕ್ಕೆ ದೊಡ್ಡ ಉದಾಹರಣೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಕೊಟ್ಟಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅದಕ್ಕೆ ಹೇಳಿದ ಮದ್ದು ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡಿಗೆ ಹೋಗಿ ಆ ಒಂದು ಕಡತವನ್ನು ಅಳಿಸುವುದು, ಅಷ್ಟೆ. ಅಂದು ಕಂಡ ಪರದೆ ನೀಲಿ. 2025ರಲ್ಲಿ ಮೈಕ್ರೋಸಾಫ್ಟು ವಿಂಡೋಸ್ 11ರಲ್ಲಿ ಆ ನೀಲಿಯನ್ನೂ ಕಪ್ಪು ಮಾಡಿತು. ಹಾಗಾಗಿ ಯಾರಾದರೂ ಕಪ್ಪು ಪರದೆ ಎಂದರೆ, ಅಕ್ಷರ ಇದೆಯೋ ಇಲ್ಲವೋ ಎಂದು ನಾನೀಗ ಮೊದಲೇ ಕೇಳುತ್ತೇನೆ. ಅಕ್ಷರವಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಯಂತ್ರ ಏನು ಮಾಡಿದರೂ ಏಳದಿದ್ದರೆ ಡಿಸ್ಕನ್ನು ಹೊರತೆಗೆಯಬಹುದು. ಅದಕ್ಕೆ ಹೊಂದುವ ಯುಎಸ್‌ಬಿ ಡಬ್ಬಿಯಲ್ಲಿಟ್ಟು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವಿನ ಹಾಗೆ ತೆರೆಯುತ್ತದೆ. ಉಬುಂಟು ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಕಡತಗಳನ್ನು ಇಳಿಸಿಕೊಳ್ಳುವ ದಾರಿಯೂ ಇದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಎಷ್ಟೋ ಸಲ ತಾನಾಗಿಯೇ ಬಿದ್ದಿರುತ್ತದೆ, ಆಗ 48 ಅಂಕಿಯ ಕೀಲಿ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಯಂತ್ರ ನೆಟ್ಟಗಿರುವಾಗಲೇ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕು. ಹಳೆಯ ನುಡಿಯಲ್ಲಿ, ಬರಹದಲ್ಲಿ ಮಾಡಿದ ಕಡತಗಳನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. "ಡೇಟಾ ಕರಪ್ಟ್ ಆಗಿದೆ" ಎಂದು ಅಂಗಡಿಯವರು ಅದನ್ನು ಅಳಿಸಿದರೆ ಆಶ್ಚರ್ಯವಿಲ್ಲ. ಕೆಟ್ಟಿರುವುದಿಲ್ಲ, ಆ ಅಕ್ಷರಗಳ ಮೇಲೆ ಕನ್ನಡದ ರೂಪ ಹೊದಿಸುವ ಫಾಂಟು ಅಲ್ಲಿಲ್ಲ, ಅಷ್ಟೆ. ಫಾಂಟು ಹಾಕಿದರೆ ಕನ್ನಡ ಕಾಣುತ್ತದೆ. ಆಮೇಲೆ ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಎಲ್ಲಿ ಬೇಕಾದರೂ ಓದಬಹುದು. ಮಾಮನ ಪುಟಗಳನ್ನು ಎರಡು ಭಾನುವಾರ ಕೂತು ಹಾಗೆ ಪರಿವರ್ತಿಸಿದೆವು. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ತಿದ್ದಲು ಅವರೇ ಕೂತರು.

ಅಂಗಡಿಗೇ ಕೊಡಬೇಕಾದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲಿಟ್ಟು ಯಂತ್ರವನ್ನಷ್ಟೇ ಕೊಡಿ. ಬಿಚ್ಚಲು ಬಾರದಿದ್ದರೆ "ಕೇಳದೆ ಫಾರ್ಮ್ಯಾಟ್ ಮಾಡಕೂಡದು" ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ಇದಕ್ಕೆಲ್ಲ ಒಂದು ಅಪವಾದವಿದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕು 'ಟಕ್ ಟಕ್' ಎಂದು ಬಡಿದುಕೊಳ್ಳುತ್ತಿದ್ದರೆ ಕೆಟ್ಟಿರುವುದು ಡಿಸ್ಕೇ. ಇನ್ನೊಂದು ಸಲ ಹಚ್ಚಿ ನೋಡೋಣ ಎನ್ನಬೇಡಿ, ಪ್ರತಿ ಸಲವೂ ಒಳಗಿನ ಬಿಲ್ಲೆ ಇನ್ನಷ್ಟು ಗೀಚಿ ಹೋಗಬಹುದು. ಕೂಡಲೇ ಆರಿಸಿ, ಡೇಟಾ ಹೊರತೆಗೆಯುವುದನ್ನೇ ಕಸುಬಾಗಿ ಮಾಡಿಕೊಂಡವರ ಬಳಿಗೆ ಒಯ್ಯಿರಿ.