ಸ್ಕ್ರೂಡ್ರೈವರ್ ಹಿಡಿಗೆ ಕಿವಿಯಿಟ್ಟು

ಬಾನೆಟ್ ಎತ್ತಿ ನಿಲ್ಲಿಸಿದ ಮೇಸ್ತ್ರಿ ಗ್ಯಾರೇಜಿನೊಳಗಿದ್ದ ಹುಡುಗನಿಗೆ ಕೂಗಿ ಹೇಳಿದರು: "ರೇಡಿಯೋ ಆರಿಸೋ." ಆಮೇಲೆ ನನ್ನ ಕಡೆ ತಿರುಗಿ, "ಎಂಥ ಸೌಂಡು ಸಾರ್? ಬಾಯಲ್ಲಿ ಮಾಡಿ ತೋರ್ಸಿ" ಅಂದರು.

ಕಾರು ಹದಿನೈದು ದಿನದಿಂದ ಕುಂಯ್‌ಗುಡುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಣ್ಣಗೆ ಶುರುವಾಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಶ್ರುತಿ ಏರುತ್ತಿತ್ತು. ದೊಡ್ಡದೊಂದು ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಜೋಡಿಸಿ, "ಕೋಡ್ ಏನೂ ಬರ್ತಿಲ್ಲ, ಆಲ್ಟರ್ನೇಟರ್ ಬದಲಾಯಿಸಿ ನೋಡೋಣ" ಅಂದಿದ್ದರು. ಸಾವಿರಾರು ರೂಪಾಯಿಯ ಭಾಗವನ್ನು ಬದಲಾಯಿಸಿ 'ನೋಡುವುದು' ನನಗೆ ಹಿಡಿಸಲಿಲ್ಲ. ಹಾಗಾಗಿ ಎರಡೇ ಗಾಡಿ ಹಿಡಿಸುವ ಈ ಗ್ಯಾರೇಜಿಗೆ ಬಂದಿದ್ದೆ.

ಶಾಲೆಯಲ್ಲಿ ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿ ಮರೆತ ಪದಗಳೆಲ್ಲ ಇಲ್ಲಿ ದಿನದ ದುಡಿಮೆಯ ಪದಗಳು. ಕಿರ್ರ್ ಅಂದರೆ ಬೆಲ್ಟ್ ಜಾರುತ್ತಿದೆ. ಟಕಟಕ ಅಂದರೆ ಟ್ಯಾಪೆಟ್ ಮೇಲೆ ಅನುಮಾನ. ಸುಂಯ್ ಅಂದರೆ ಎಲ್ಲೋ ಪೈಪಿನಲ್ಲಿ ಗಾಳಿ ಸೋರುತ್ತಿದೆ. ಕಾರು ಓಡುವಾಗ ಮಾತ್ರ ಕೇಳುವ ಗುಂಯ್, ಚಕ್ರದ ಬೇರಿಂಗಿನದೋ ಗೇರ್‌ಬಾಕ್ಸಿನದೋ ಇರಬೇಕು. ಎಲ್ಲಕ್ಕಿಂತ ತೊಡಕಿನದು ಈ ಕುಂಯ್. ಹಾಗೆ ಕೂಗಬಲ್ಲವರು ಎಂಜಿನ್ನಿನ ಮುಂಭಾಗದಲ್ಲೇ ನಾಲ್ಕೈದು ಮಂದಿ ಇದ್ದಾರೆ.

ಎಂಜಿನ್ನಿನ ಮುಂದೆ ಒಂದು ಉದ್ದನೆಯ ಬೆಲ್ಟ್ ಸುತ್ತಿಕೊಂಡಿರುತ್ತದೆ. ಕ್ರ್ಯಾಂಕ್ ಪುಲ್ಲಿ ಅದನ್ನು ಎಳೆದರೆ, ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಕೆಲವು ಕಾರುಗಳಲ್ಲಿ ವಾಟರ್ ಪಂಪು, ಹಳೆಯವುಗಳಲ್ಲಿ ಪವರ್ ಸ್ಟೀರಿಂಗ್ ಪಂಪು, ಎಲ್ಲ ಅದರ ಜೊತೆ ತಿರುಗುತ್ತವೆ. ನಡುವೆ ಬೆಲ್ಟನ್ನು ಬಿಗಿಯಾಗಿ, ದಾರಿ ತಪ್ಪದಂತೆ ಹಿಡಿದಿಡಲು ಟೆನ್ಷನರ್, ಐಡ್ಲರ್ ಎಂಬ ಚಿಕ್ಕ ಚಕ್ರಗಳು. ಪ್ರತಿಯೊಂದರ ಹೊಟ್ಟೆಯಲ್ಲೂ ಬೇರಿಂಗ್, ಅದರೊಳಗೆ ಗ್ರೀಸ್. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದಾದ್ದರಿಂದ ಎಂಜಿನ್ನಿನ ಎರಡು ಮೂರು ಪಟ್ಟು ವೇಗದಲ್ಲಿ ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತ ಸುಮ್ಮನೆ ನಿಂತಿದ್ದರೂ ಅದು 2,000 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಗ್ರೀಸ್ ಒಣಗಿದರೆ ಉಕ್ಕಿನ ಗುಂಡುಗಳು ಒರಟಾದ ಹಾದಿಯಲ್ಲಿ ಉರುಳುತ್ತವೆ. ಒಂದೊಂದು ಕುಲುಕೂ ಒಂದೊಂದು ಸದ್ದು. ಸೆಕೆಂಡಿಗೆ ನೂರಾರು ಸದ್ದು ಕೂಡಿಕೊಂಡು ನಮ್ಮ ಕಿವಿಗೆ ಒಂದೇ ಎಳೆಯ ಕುಂಯ್ ಆಗಿ ಬರುತ್ತದೆ.

ಮೇಸ್ತ್ರಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, ಆಕ್ಸಿಲರೇಟರ್ ಒತ್ತಿಸಿದರು. ಸದ್ದು ಏರಿತು. ಅಲ್ಲಿಗೆ ಚಕ್ರಗಳ ಮೇಲಿನ ಅನುಮಾನ ಹೋಯಿತು. "ಕ್ಲಚ್ ಒತ್ತಿ." ಬದಲಾವಣೆ ಇಲ್ಲ. ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್‌ನ ರಿಲೀಸ್ ಬೇರಿಂಗ್, ಒತ್ತಿದಾಗ ಅಡಗಿದರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್; ಒಂದು ಪೆಡಲಿನಿಂದ ಇಷ್ಟು ತಿಳಿಯುತ್ತದೆ ಎಂದು ಇಷ್ಟು ವರ್ಷ ಕಾರು ಓಡಿಸಿಯೂ ನನಗೆ ಗೊತ್ತಿರಲಿಲ್ಲ. ಪವರ್ ಸ್ಟೀರಿಂಗಿಗೆ ಎಣ್ಣೆಯ ಪಂಪು ಇರುವ ಗಾಡಿಯಾಗಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡುತ್ತಿದ್ದರಂತೆ. ಎಣ್ಣೆ ಕಡಿಮೆಯಾಗಿ ಗಾಳಿ ಹೊಕ್ಕರೆ ಪಂಪು ನರಳುತ್ತದೆ. ನನ್ನದು ವಿದ್ಯುತ್ ಮೋಟಾರಿನ ಸ್ಟೀರಿಂಗ್. ಹೆಡ್‌ಲೈಟ್ ಹಾಕಿಸಿದರು, ಬ್ಲೋವರ್ ಜೋರು ಮಾಡಿಸಿದರು. ಭಾರ ಬಿದ್ದಾಗ ಆಲ್ಟರ್ನೇಟರಿನ ಕೂಗು ಹೆಚ್ಚಬೇಕು. ಹೆಚ್ಚಲಿಲ್ಲ. ಬೆಲ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿದರು. ಬೆಲ್ಟಿನದೇ ತಪ್ಪಾಗಿದ್ದರೆ ಒಂದು ಗಳಿಗೆಯಾದರೂ ಸದ್ದು ಬದಲಾಗುತ್ತದೆ. ಆಗಲಿಲ್ಲ.

ಆಗ ಅವರು ಮೊಳದುದ್ದದ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ತೋಳಿನ ಗುಂಡಿ ಬಿಗಿ ಮಾಡಿ, ಫ್ಯಾನಿನಿಂದ ದೂರ ನಿಂತು (ಅದು ಹೇಳದೆ ಕೇಳದೆ ತಿರುಗತೊಡಗುತ್ತದೆ), ತುದಿಯನ್ನು ಆಲ್ಟರ್ನೇಟರಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿದರು. ಕಣ್ಣು ಮುಚ್ಚಿದರು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದರಿಂದ ಸ್ಟೆತಸ್ಕೋಪ್ ಹುಟ್ಟಿತು. ಮೆಕ್ಯಾನಿಕ್‌ಗಳಿಗಾಗಿಯೇ ಲೋಹದ ಕಡ್ಡಿ ಸಿಕ್ಕಿಸಿದ ಸ್ಟೆತಸ್ಕೋಪೂ ಮಾರುಕಟ್ಟೆಯಲ್ಲಿದೆ. ಈ ಮೇಸ್ತ್ರಿಗೆ ಮರದ ಹಿಡಿಯ ಸ್ಕ್ರೂಡ್ರೈವರೇ ಸಾಕು.

ತುದಿ ಐಡ್ಲರಿನ ನಡುವಿನ ಬೋಲ್ಟಿಗೆ ಬಂದಾಗ ಅವರ ಹುಬ್ಬು ಮೇಲೇರಿತು. "ಬನ್ನಿ, ನೀವೇ ಕೇಳಿ." ಕೇಳಿದೆ. ಆಲ್ಟರ್ನೇಟರಿನಲ್ಲಿ ಜೇನುಗೂಡಿನಂಥ ನಯವಾದ ಗುನುಗು. ಐಡ್ಲರಿನಲ್ಲಿ ಒಣ ರಾಗಿ ಬೀಸುವ ಕಲ್ಲಿನ ಸದ್ದು. ಹೊರಗೆ ಕುಂಯ್ ಎನ್ನುತ್ತಿದ್ದುದು ಒಳಗೆ ಹೀಗೆ ಅರೆಯುತ್ತಿತ್ತು.

ಆದರೂ ಅವರು ಅಲ್ಲಿಗೇ ತೀರ್ಮಾನಿಸಲಿಲ್ಲ. ಎಂಜಿನ್ ಆರಿಸಿ, ಬೆಲ್ಟ್ ಕಳಚಿ, ಕೆಲವೇ ಸೆಕೆಂಡು ಸ್ಟಾರ್ಟ್ ಮಾಡಿಸಿದರು. ವಾಟರ್ ಪಂಪು ನಿಂತಿರುವಾಗ ಹೆಚ್ಚು ಹೊತ್ತು ಓಡಿಸುವಂತಿಲ್ಲ. ಕುಂಯ್ ಮಾಯ. ಆಮೇಲೆ ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ಟೆನ್ಷನರ್ ಮೆತ್ತಗೆ, ಸದ್ದಿಲ್ಲದೆ ತಿರುಗಿ ನಿಂತಿತು. ಐಡ್ಲರ್ ಮಾತ್ರ ಸರಸರ ಸುತ್ತುತ್ತಲೇ ಇತ್ತು. ಹಗುರಾಗಿ ತಿರುಗುವುದೇ ಚೆನ್ನಾಗಿದೆ ಅಂದುಕೊಂಡಿದ್ದೆ. "ಗ್ರೀಸ್ ಸತ್ತೋಗಿದೆ ಸಾರ್, ಹಿಡಿಯೋದಕ್ಕೆ ಒಳಗೆ ಏನೂ ಇಲ್ಲ" ಅಂದರು. ಹಾಗೇ ಬಿಟ್ಟಿದ್ದರೆ ಒಂದು ದಿನ ಚಕ್ರ ಸಿಕ್ಕಿಬಿದ್ದು ಬೆಲ್ಟ್ ಹರಿಯುತ್ತಿತ್ತು. ಬ್ಯಾಟರಿ ಚಾರ್ಜು ನಿಂತು, ನೀರು ಸುತ್ತದೆ, ಎಂಜಿನ್ ಕಾದು ಹೋಗುತ್ತಿತ್ತು.

ಸ್ಕ್ಯಾನರನ್ನು ದೂರಿ ಫಲವಿಲ್ಲ. ಸೆನ್ಸರ್ ಇರುವ ಕಡೆಯ ಸುದ್ದಿಯನ್ನಷ್ಟೇ ಅದು ಹೇಳಬಲ್ಲದು. ಆ ಪುಟ್ಟ ಚಕ್ರಕ್ಕೆ ಸೆನ್ಸರ್ ಇಲ್ಲ. ಅಲ್ಲಿಗೆ ಬೇಕಾದದ್ದು ಪಳಗಿದ ಕಿವಿ, ಬಿಚ್ಚುವ ಮೊದಲು ಕೇಳುವ ತಾಳ್ಮೆ. ಇದು ಅಪ್ಪಟ ವಿದ್ಯೆ. ಐಟಿಐಗಳಲ್ಲಿ ಇಂಥ ಮೇಸ್ತ್ರಿಗಳನ್ನು ಕರೆಸಿ, ಒಳ್ಳೆಯ ಬೇರಿಂಗು, ಕೆಟ್ಟ ಬೇರಿಂಗು ಎರಡನ್ನೂ ಮಕ್ಕಳ ಕಿವಿಗೆ ಕೇಳಿಸಬೇಕು ಎಂಬುದು ನನ್ನ ಆಸೆ.

ಜೆ.ಸಿ. ರಸ್ತೆಯಿಂದ ಹುಡುಗ ಹೊಸ ಐಡ್ಲರ್ ತಂದ. ಅದನ್ನು ಕೂರಿಸಲು ಅರ್ಧ ಗಂಟೆ ಹಿಡಿಯಲಿಲ್ಲ. ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಡುವ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಕಾರು ಕುಂಯ್‌ಗುಡುತ್ತ ಬಂದು ನಿಂತಿತ್ತು. ಮೇಸ್ತ್ರಿ ಸ್ಕ್ರೂಡ್ರೈವರನ್ನು ಹುಡುಗನಿಗೆ ಕೊಟ್ಟರು. ಅವನು ಬಗ್ಗಿ ಕೇಳಿ, ತಲೆಯೆತ್ತಿ, "ಆಲ್ಟರ್ನೇಟರ್ ಅಣ್ಣ" ಅಂದ.

"ಲೈಟ್ ಹಾಕಿ ನೋಡಿದ್ಯೇನೋ?"

ಹುಡುಗ ಸ್ಟೀರಿಂಗ್ ಕಡೆಗೆ ಓಡಿದ.