ಹೊಯ್ಸಳರ ಕೈಗೆ ಮೆಕ್ಕೆಜೋಳ ಬಂದದ್ದು ಹೇಗೆ?

ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿ ಕೆಲವು ಮೂರ್ತಿಗಳು ಉದ್ದನೆಯ ಫಲವೊಂದನ್ನು ಹಿಡಿದು ನಿಂತಿವೆ. ಮೈತುಂಬ ಸಾಲುಸಾಲು ಕಾಳು. ನೋಡಿದ ಕೂಡಲೇ ಮೆಕ್ಕೆಜೋಳದ ತೆನೆ ಎನ್ನಿಸುತ್ತದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಭೂಗೋಳ ತಜ್ಞ ಕಾರ್ಲ್ ಜೋಹಾನೆಸೆನ್ ಅವರಿಗೂ ಹಾಗೇ ಅನ್ನಿಸಿತು. 1989ರಲ್ಲಿ ಅವರು ಆನ್ ಪಾರ್ಕರ್ ಜೊತೆಗೂಡಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಲೇಖನ ಬರೆದರು. ಹೊಯ್ಸಳ ಗುಡಿಗಳಲ್ಲಿರುವುದು ಮೆಕ್ಕೆಜೋಳವೇ, ಕೊಲಂಬಸ್‌ಗಿಂತ ಮೊದಲೇ ಅದು ಸಾಗರ ದಾಟಿ ಇಲ್ಲಿಗೆ ಬಂದಿತ್ತು ಎಂಬುದು ಅವರ ವಾದ. ಮಧ್ಯ ಅಮೆರಿಕದ ಮಾಯಾ ನಾಡಿಗೂ ಕನ್ನಡ ನಾಡಿಗೂ ನಂಟು ಹೇಳುವ ಕಥೆಗೆ ಬಲ ಬಂದದ್ದು ಆಗ.

ಮಲ್ಲಂದೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಇದು ಪರರ ಮನೆಯ ಮಾತಲ್ಲ. ಹೊಯ್ಸಳರು ಈ ಬೆಟ್ಟಗಳಿಂದಲೇ ಬಂದವರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಅವರ ಮೂಲ ನೆಲೆ ಸೊಸೆವೂರು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ, ಸೋಮನಾಥಪುರದ ಗುಡಿ 13ನೇ ಶತಮಾನದ್ದು.

ಮಾಯಾ ಜನರಿಗೆ ಮೆಕ್ಕೆಜೋಳವೆಂದರೆ ತಮ್ಮ ಮೈಯೇ. ದೇವರುಗಳು ಮಣ್ಣಿನಿಂದ, ಆಮೇಲೆ ಮರದಿಂದ ಮನುಷ್ಯನನ್ನು ಮಾಡಲು ಹೋಗಿ ಸೋತು, ಕೊನೆಗೆ ಹಳದಿ ಮತ್ತು ಬಿಳಿ ಜೋಳದ ಹಿಟ್ಟಿನಲ್ಲಿ ಗೆದ್ದರೆಂದು ಅವರ ‘ಪೊಪೋಲ್ ವೂಹ್’ ಗ್ರಂಥ ಹೇಳುತ್ತದೆ. ಕೋಪಾನ್ ನಗರದ 8ನೇ ಶತಮಾನದ ಜೋಳದೇವನ ಶಿಲ್ಪ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಣ್ಣು ಮುಚ್ಚಿದ ಎಳೆಯ ತರುಣ, ತಲೆಯ ಮೇಲೆ ತೆನೆ. ಮಾಯಾ ಶಿಲ್ಪಿಗಳ ಬಳಿ ಕಬ್ಬಿಣದ ಉಳಿ ಇರಲಿಲ್ಲ. ಕಲ್ಲಿನಿಂದಲೇ ಕಲ್ಲು ಕೆತ್ತಿದರು. ಮಾಯಾ ಸೀಮೆಯ ಬಹುಭಾಗದಲ್ಲಿ ಸಿಗುವ ಸುಣ್ಣಕಲ್ಲು ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ನಮ್ಮ ಹೊಯ್ಸಳ ಗುಡಿಗಳ ಬಳಪದ ಕಲ್ಲಿನದೂ ಅದೇ ಗುಣ. ಎರಡೂ ಕಡೆಯ ಕುಸುರಿ ಕಂಡು ಬೆರಗಾಗುವವರು ಮೊದಲು ಈ ಕಲ್ಲುಗಳನ್ನು ನೆನೆಯಬೇಕು.

ಜೋಹಾನೆಸೆನ್ ವಾದಕ್ಕೆ ಉತ್ತರ ಬರಲು ತಡವಾಗಲಿಲ್ಲ. 1993ರಲ್ಲಿ ಅದೇ ಪತ್ರಿಕೆಯಲ್ಲಿ ಪಾಯಕ್ ಮತ್ತು ಸಾಚನ್ ಎಂಬ ಭಾರತೀಯ ವಿಜ್ಞಾನಿಗಳು, ಅದು ಮುಕ್ತಾಫಲ, ಅಂದರೆ ಮುತ್ತುಗಳನ್ನು ಹೊತ್ತ ಕಲ್ಪನೆಯ ಹಣ್ಣು ಎಂದರು. ಭಾಷೆಯಲ್ಲಾಗಲಿ ಪುರಾತತ್ವದಲ್ಲಾಗಲಿ ಮೆಕ್ಕೆಜೋಳಕ್ಕೆ ಆಧಾರವಿಲ್ಲವೆಂದೂ ತೋರಿಸಿದರು. ನನಗೆ ಒಪ್ಪಿತವಾಗುವುದು ಈ ಮಾತೇ. ಮೆಕ್ಕೆಜೋಳ ತಾನಾಗಿ ಹರಡುವ ಗಿಡವಲ್ಲ. ಸಿಪ್ಪೆಯೊಳಗೆ ಬಿಗಿದ ಕಾಳನ್ನು ಮನುಷ್ಯನೇ ಬಿಡಿಸಿ ಬಿತ್ತಬೇಕು. ದೇವರ ಕೈಗೆ ಕೊಡುವಷ್ಟು ಬೆಳೆದಿದ್ದರೆ ಅದು ಹೊಲದಲ್ಲಿ, ಕಣದಲ್ಲಿ, ಒಲೆಯ ಬೂದಿಯಲ್ಲಿ ಗುರುತು ಬಿಡುತ್ತಿತ್ತು. ಭತ್ತ, ಅಡಿಕೆ, ಮೆಣಸುಗಳ ಲೆಕ್ಕವಿಟ್ಟ ಶಾಸನಗಳು ಅದೊಂದನ್ನೇ ಮರೆಯುತ್ತಿದ್ದವೇ?

ಮಾಯಾ, ಅಜ್ಟೆಕ್ ಜನ ಸಾಕಿ ಬೆಳೆಸಿದ್ದು ನಮ್ಮ ಮಲೆನಾಡಿಗೆ ಬಂದೇ ಇದೆ, ಆದರೆ ಹೊಯ್ಸಳರ ಕಾಲ ಮುಗಿದ ಮೇಲೆ. ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ಸ್ಪೇನಿನವರಿಗೆ ಬಿದ್ದದ್ದು 1521ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಅವರ ಹಡಗುಗಳ ದಾರಿಯಲ್ಲಿ ಬಂದ ಮೆಣಸಿನಕಾಯಿಯ ವಂಶದ್ದೇ ಈಗ ತೋಟದ ಅಂಚಿನ ಸೂಜಿಮೆಣಸು. ಪರಂಗಿ, ಸೀಬೆ ಎರಡೂ ಅಮೆರಿಕದ ನೆಲದವು. ಮೆಕ್ಸಿಕೋದಲ್ಲಿ ಸತ್ತವರ ಹಬ್ಬಕ್ಕೆ ಹಾಸುವ ಚೆಂಡುಹೂವನ್ನೇ ನಾವು ದೀಪಾವಳಿಗೆ ಬಾಗಿಲಿಗೆ ಕಟ್ಟುತ್ತೇವೆ. ಕಾಫಿ ತೋಟದ ನೆರಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿಸಿದವರಿಗೆ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವ ಕಷ್ಟ ಗೊತ್ತು. ಮೆಕ್ಸಿಕೋದ ಟೊಟೊನಾಕ್ ಜನ ಬೆಳೆಸಿದ ಆ ಬಳ್ಳಿಗೆ ಕೈಯಿಂದ ಪರಾಗ ಮುಟ್ಟಿಸುವ ಸುಲಭ ವಿಧಾನ ಕಂಡುಹಿಡಿದವನು 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್. ಆಗ ಅವನಿಗೆ 12 ವರ್ಷ.

ಈ ನಂಟು ಸಾಲದೇ? ಅದನ್ನು ಬಿಟ್ಟು ಶಿಲ್ಪದ ಕೈಗೆ ಇಲ್ಲದ ತೆನೆ ಕೊಟ್ಟರೆ ಇಬ್ಬರಿಗೂ ಅನ್ಯಾಯ: ಜೋಳವನ್ನು ದೇವರೆಂದ ರೈತರಿಗೂ, ಮುತ್ತಿನ ಹಣ್ಣನ್ನು ಕಲ್ಪಿಸಿದ ನಮ್ಮ ರೂವಾರಿಗಳಿಗೂ. ಸೋಮನಾಥಪುರಕ್ಕೆ ಹೋದಾಗ ಮೂರ್ತಿಯ ಕೈಯ ಫಲದ ಜೊತೆಗೆ ಕಿರೀಟ, ಕೊರಳ ಹಾರ, ಸೊಂಟದ ಪಟ್ಟಿಗಳನ್ನೂ ನಿಧಾನವಾಗಿ ನೋಡಿ. ಎಲ್ಲೆಲ್ಲೂ ಮುತ್ತಿನ ಸಾಲೇ ಇದೆ.