ಗಡ್ಡೆ ಕಾಣದ ಸ್ತನ ಕ್ಯಾನ್ಸರ್

ಹಾಲು ಬಿಡಿಸಿ ವರ್ಷಗಳಾದ ಸಹೋದರಿಯೊಬ್ಬರು ‘ಒಂದು ಸ್ತನ ಕೆಂಪಾಗಿ ಊದಿದೆ, ಬಿಸಿಯಾಗಿದೆ’ ಎಂದು ಬಂದರೆ ನಾನು ಲೇಪ ಬರೆದುಕೊಡುವುದಿಲ್ಲ. ಊತಕ್ಕೆ ಯೂನಾನಿಯಲ್ಲಿ ಲೇಪಗಳಿಲ್ಲವೆಂದಲ್ಲ. ಅದು ಉರಿಯೂತದ ಸ್ತನ ಕ್ಯಾನ್ಸರ್ ಆಗಿದ್ದರೆ, ಲೇಪ ಹಚ್ಚಿ ಕಾಯುವ ಒಂದು ತಿಂಗಳೂ ದುಬಾರಿ.

ಸ್ತನ ಕ್ಯಾನ್ಸರ್‌ಗಳಲ್ಲಿ ಇದು ಶೇ. 1ರಿಂದ 5ರಷ್ಟು ಮಾತ್ರ. ಅಪರೂಪ, ಆದರೆ ಬಲು ವೇಗದ್ದು. ಹೆಚ್ಚಾಗಿ ಕೈಗೆ ಗಡ್ಡೆ ಸಿಗುವುದಿಲ್ಲ. ಕ್ಯಾನ್ಸರ್ ಕೋಶಗಳು ಚರ್ಮದೊಳಗಿನ ದುಗ್ಧನಾಳಗಳನ್ನು ಮುಚ್ಚುವುದರಿಂದ ದ್ರವ ನಿಂತು ಸ್ತನ ಊದುತ್ತದೆ. ಚರ್ಮ ದಪ್ಪಗಾಗಿ ಕಿತ್ತಳೆ ಸಿಪ್ಪೆಯಂತೆ ಗುಳಿ ಬೀಳುತ್ತದೆ, ತೊಟ್ಟು ಒಳಸೇರಬಹುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ನೇರಳೆ ಛಾಯೆಯಷ್ಟೇ ಇರಬಹುದು.

ಹಾಲೂಡಿಸುವ ತಾಯಂದಿರಲ್ಲಿ ಇಂಥ ಊತ ಸಾಮಾನ್ಯವಾಗಿ ಸೋಂಕೇ, ಗಾಬರಿ ಬೇಡ. ಆದರೆ ಆಂಟಿಬಯಾಟಿಕ್ ತೆಗೆದುಕೊಂಡು ವಾರ, ಹತ್ತು ದಿನದಲ್ಲಿ ಇಳಿಯದಿದ್ದರೆ ಸ್ಕ್ಯಾನಿಂಗ್, ಬಯಾಪ್ಸಿ ಆಗಲೇಬೇಕು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತು ನಮ್ಮ ಮನೆಗಳಲ್ಲಿದೆ. ಅದಕ್ಕೆ ಹೆದರಿ ಕೂರಬೇಡಿ. ಸಂಕೋಚವಾದರೆ ವೈದ್ಯೆಯನ್ನು ಕೇಳಿ. ಸಿಗದಿದ್ದರೆ ಪುರುಷ ವೈದ್ಯರಿಗೇ ತೋರಿಸಿ, ಅನಿವಾರ್ಯತೆಯಲ್ಲಿ ಅದಕ್ಕೆ ಅನುಮತಿಯಿದೆ.

ಸಾಮಾನ್ಯವಾಗಿ ಮೊದಲು ಕೀಮೋ, ಬಳಿಕ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ. ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುವೆ ರಮಝಾನ್ ಬಂದರೆ ಉಪವಾಸದಿಂದ ರೋಗಿಗೆ ವಿನಾಯಿತಿಯಿದೆ. ಕಂಕುಳ ಗ್ರಂಥಿ ತೆಗೆದ ಬದಿಯ ಕೈ ಊದಬಹುದು. ಬಿಗಿ ಬಳೆ ಬೇಡ. ಆ ಕೈ ಸುಡದಂತೆ ರೊಟ್ಟಿ ಬೇಯಿಸುವ ಕೆಲಸವನ್ನು ಮನೆಯ ಗಂಡಸರೇ ವಹಿಸಿಕೊಳ್ಳಲಿ. ಕೀಮೋ ನಡೆಯುವಾಗ ನಾನು ಕೊಟ್ಟ ಕಷಾಯವಾದರೂ ಸರಿಯೇ, ಕ್ಯಾನ್ಸರ್ ವೈದ್ಯರನ್ನು ಕೇಳದೆ ಕುಡಿಯಬೇಡಿ.